ಹಳೇ ಕೊಟ್ಟಿಗೆಯ ಹಾಸುಬಂಡೆ ಮೇಲೊಂದು ಭೂಕಂಪನ ಮಾಪಕ

ಮಧುಗಿರಿ ಕಡೆಯ ನಮ್ಮ ಹಳ್ಳಿ ಮನೆಯ ಹಿಂದೆ, ಈಗ ದನ ಕಟ್ಟದ ಹಳೇ ಕೊಟ್ಟಿಗೆಯಲ್ಲಿ ಭೂಕಂಪನ ಮಾಪಕವೊಂದು ಹಗಲೂ ರಾತ್ರಿ ಓಡುತ್ತಿದೆ. ಖರ್ಚು 5,320 ರೂಪಾಯಿ. ಕೆಟ್ಟು ಬಿಸಾಡಿದ ಸಾಮಾನಿನ ಲೆಕ್ಕ ಬೇರೆ. 2025ರ ಮಾರ್ಚ್‌ನಲ್ಲಿ ಆದ ಮ್ಯಾನ್ಮಾರ್ ಭೂಕಂಪ, ಜುಲೈನಲ್ಲಿ ಆದ ಕಮ್ಚಟ್ಕಾ ಭೂಕಂಪ, ಎರಡೂ ಇದರಲ್ಲಿ ಸಿಕ್ಕಿವೆ. ಕಟ್ಟಬೇಕು ಅನ್ನುವವರಿಗೆ ಅನುಕೂಲವಾಗಲಿ ಅಂತ ಮಾಡಿದ್ದನ್ನು ಮಾಡಿದ ಹಾಗೇ ಬರೆದಿಡುತ್ತಿದ್ದೇನೆ.

ನಾನು ಹೈಸ್ಕೂಲು ಮೇಷ್ಟ್ರು. ಭೂಮಿಯ ಒಳಗೆ ಭೂಕವಚ, ಮ್ಯಾಂಟಲ್, ಕೋರ್ ಅಂತ ಬೋರ್ಡಿನ ಮೇಲೆ ವೃತ್ತ ಬರೆದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: "ಯಾರು ಸಾರ್ ಒಳಗಿಳಿದು ನೋಡಿದ್ದು?" ನ್ಯಾಯವಾದ ಪ್ರಶ್ನೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಕೋಲಾರದ ಚಾಂಪಿಯನ್ ರೀಫ್ ಗಣಿ ಇಳಿದದ್ದು ಸುಮಾರು 3.2 ಕಿ.ಮೀ. ರಷ್ಯಾದ ಕೋಲಾದಲ್ಲಿ ಕೊರೆದ ಬಾವಿ 12,262 ಮೀಟರ್‌ಗೆ ನಿಂತಿತು. ಅದರ ಕೆಳಗಿನ ಸುದ್ದಿಯನ್ನೆಲ್ಲ ಮುಖ್ಯವಾಗಿ ಭೂಕಂಪದ ಅಲೆಗಳೇ ತಂದುಕೊಟ್ಟಿವೆ. ಆ ಅಲೆಯನ್ನು ಮಕ್ಕಳ ಕಣ್ಣೆದುರಿಗೆ ಹಿಡಿದು ತೋರಿಸಬೇಕಿತ್ತು.

ಹಂತ 1: ಜಾಗ

ಮೊದಲು ಮನೆಯೊಳಗೆ ರೆಡ್ ಆಕ್ಸೈಡ್ ನೆಲದ ಮೇಲೆ ಇಟ್ಟು ನೋಡಿದೆ. ಪಕ್ಕದಲ್ಲಿ ನಿಂತವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರೂ ಮಾಪಕದ ತೂಗಾಡುವ ತೋಳು ಬೆರಳಗಲ ಪಕ್ಕಕ್ಕೆ ಸರಿಯುತ್ತಿತ್ತು. ನೆಲ ಅಷ್ಟು ಬಾಗುತ್ತದೆ ಅಂತ ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಹಿತ್ತಲ ಮಣ್ಣಿನಲ್ಲಿ ಎರಡಡಿ ಗುಂಡಿ ತೆಗೆದು ಕಾಂಕ್ರೀಟ್ ಕಟ್ಟೆ ಹಾಕಿದೆ. ಒಂದು ಮಳೆ ಬಿದ್ದಿದ್ದೇ ತಡ, ಮಣ್ಣು ಉಬ್ಬಿ ಕಟ್ಟೆ ಒಂದು ಕಡೆ ಎದ್ದಿತು. ಸಿಮೆಂಟು, ಜಲ್ಲಿ ದಂಡ.

ಕೊನೆಗೆ ಸಿಕ್ಕ ಜಾಗ ಕೊಟ್ಟಿಗೆಯ ಮೂಲೆ. ಅಲ್ಲಿ ಹಾಸುಬಂಡೆ ನೆಲದಿಂದ ಮೇಲೆ ಬಂದಿದೆ. ಇದು ರಾಮನಗರದಿಂದ ಪಾವಗಡದ ಆಚೆಯವರೆಗೆ ಉತ್ತರ ದಕ್ಷಿಣವಾಗಿ ಹಾದುಹೋಗುವ ಗ್ರಾನೈಟ್ ಪಟ್ಟಿ. ಮಧುಗಿರಿ ಬೆಟ್ಟ ಇದರದ್ದೇ. ವಯಸ್ಸು ಸುಮಾರು 250 ಕೋಟಿ ವರ್ಷ. ಭೂಕಂಪನ ಕೇಳಿಸಿಕೊಳ್ಳಲು ಇದಕ್ಕಿಂತ ಗಟ್ಟಿ ನೆಲ ಬೇಕಿಲ್ಲ. ಪಕ್ಕದ ಗೌರಿಬಿದನೂರಿನಲ್ಲಿ ನಮ್ಮ ಅಣುಶಕ್ತಿ ಇಲಾಖೆ 1960ರ ದಶಕದಿಂದ ಮಾಪಕಗಳ ಸಾಲನ್ನೇ ನೆಟ್ಟಿರುವುದು ಸುಮ್ನೆ ಅಲ್ಲ. ದೂರದ ದೇಶಗಳ ನೆಲದಡಿಯ ಅಣುಸ್ಫೋಟವನ್ನೂ ಅಲ್ಲಿ ಹಿಡಿಯುತ್ತಿದ್ದರು.

ಬಂಡೆಯನ್ನು ತಂತಿ ಬ್ರಶ್‌ನಿಂದ ಉಜ್ಜಿ, ತೊಳೆದು, ಮೂರು ಗ್ರಾನೈಟ್ ತುಂಡುಗಳನ್ನು 1:3 ಗಾರೆಯಲ್ಲಿ ಕೂರಿಸಿದೆ. ಮಾಪಕದ ಮೂರು ಕಾಲು ಇವುಗಳ ಮೇಲೆ ನಿಲ್ಲುತ್ತವೆ.

ಹಂತ 2: ಚೌಕಟ್ಟು ಮತ್ತು ತೋಳು

ಕೆಳಗೆ 75 ಮಿ.ಮೀ. ಸಿ-ಚಾನೆಲ್, 90 ಸೆಂ.ಮೀ. ಉದ್ದ. ಒಂದು ತುದಿಯಲ್ಲಿ 45 ಸೆಂ.ಮೀ. ಎತ್ತರದ ಕಂಬ, ಅದರ ಬುಡದಲ್ಲಿ ಅಡ್ಡಪಟ್ಟಿ. ಅಡ್ಡಪಟ್ಟಿಗೆ ಎರಡು, ಇನ್ನೊಂದು ತುದಿಗೆ ಒಂದು, ಹೀಗೆ ಮೂರು 10 ಮಿ.ಮೀ. ಬೋಲ್ಟೇ ಕಾಲು. ಕಂಬದ ಬುಡಕ್ಕೆ ತೋಳಿನ ಒಂದು ತುದಿ ತಾಗಿರುತ್ತದೆ. ಇನ್ನೊಂದು ತುದಿಯಲ್ಲಿ 2 ಕೆ.ಜಿ. ಸೀಸದ ತೂಕ. ಕಂಬದ ತಲೆಯಿಂದ ತೋಳಿಗೆ ಓರೆಯಾಗಿ ತಂತಿ. ತೋಟದ ಗೇಟು ತಾನಾಗಿ ಬಂದು ಮುಚ್ಚಿಕೊಳ್ಳುತ್ತದಲ್ಲ, ಅದೇ ಸೂತ್ರ. ವೆಲ್ಡಿಂಗ್ ಅಂಗಡಿಯವರು ಚೌಕಟ್ಟನ್ನು ತಿರುಗಿಸಿ ನೋಡಿ, "ಮೇಷ್ಟ್ರೇ, ನೆಲ ಅಲ್ಲಾಡಿದ್ರೆ ಇದೂ ಅಲ್ಲಾಡಲ್ವಾ?" ಅಂದರು. ವಿಷಯವೆಲ್ಲ ಅಲ್ಲೇ ಇದೆ. ಚೌಕಟ್ಟು ನೆಲದ ಜೊತೆ ಅಲ್ಲಾಡುತ್ತದೆ. ತೂಕ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಎರಡರ ನಡುವಿನ ವ್ಯತ್ಯಾಸವೇ ನಮಗೆ ಬೇಕಾದದ್ದು.

ತೋಳಿಗೆ ಮೊದಲು ಮನೆಯಲ್ಲಿದ್ದ ಜಿಐ ಪೈಪು ಹಾಕಿದ್ದೆ. ಅಯಸ್ಕಾಂತ ಜೋಡಿಸಿದ ದಿನವೇ ಅದು ಹೋಗಿ ಅಂಟಿಕೊಂಡಿತು. ತೋಳಿನಲ್ಲಿ ಅಯಸ್ಕಾಂತದ ಹತ್ತಿರ ಕಬ್ಬಿಣದ ಒಂದು ಸ್ಕ್ರೂ ಕೂಡ ಇರಬಾರದು. ಈಗಿರುವುದು 12 ಮಿ.ಮೀ. ಅಲ್ಯೂಮಿನಿಯಂ ರಾಡು, 75 ಸೆಂ.ಮೀ. ಉದ್ದ.

ತೋಳನ್ನು ಉತ್ತರ ದಕ್ಷಿಣವಾಗಿ ಇಟ್ಟೆ. ಆಗ ಅದು ಪೂರ್ವ ಪಶ್ಚಿಮದ ಅಲುಗಾಟ ಹಿಡಿಯುತ್ತದೆ. ನಮಗೆ ಹತ್ತಿರದ ದೊಡ್ಡ ಭೂಕಂಪಗಳ ಸಾಲು, ಅಂದರೆ ಮ್ಯಾನ್ಮಾರ್, ಅಂಡಮಾನ್, ಸುಮಾತ್ರ, ಪೂರ್ವಕ್ಕಿದೆ. ನಮ್ಮ ಭೂಫಲಕ ವರ್ಷಕ್ಕೆ 5 ಸೆಂ.ಮೀ.ನಷ್ಟು ಈಶಾನ್ಯಕ್ಕೆ ಸರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿರುವ ಜಿಪಿಎಸ್ ಕೇಂದ್ರ ಅದನ್ನು ಅಳೆಯುತ್ತಲೇ ಇದೆ. ಕೊಟ್ಟಿಗೆ, ಬಂಡೆ, ಮಾಪಕ ಎಲ್ಲವೂ ಅದೇ ಲೆಕ್ಕದಲ್ಲಿ ಹೊರಟಿವೆ. ಆ ಸರಿದಾಟ ನನ್ನ ಮಾಪಕಕ್ಕೆ ಕಾಣುವುದಿಲ್ಲ. ಅಂಚಿನಲ್ಲಿ ಸಿಕ್ಕಿಕೊಂಡದ್ದು ಥಟ್ಟನೆ ಜಾರಿದಾಗ ಮಾತ್ರ ಕಾಣುತ್ತದೆ.

ಹಂತ 3: ಕೀಲು

ಜಾಸ್ತಿ ಸಮಯ ತಿಂದದ್ದು ಇದೇ. ಚೂಪು ಮಾಡಿದ ಬೋಲ್ಟನ್ನು ಒಂದು ಗುಳಿಗೆ ಒರಗಿಸಿದರೆ ಸಾಕು ಅಂದುಕೊಂಡಿದ್ದೆ. ತೋಳು ತೂಗಾಡಿತು, ಆದರೆ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಅಂದರೆ ಗುಳಿಯಲ್ಲಿ ಉಜ್ಜಾಟ. ಗ್ರೀಸ್ ಹಾಕಿದ ಮೇಲೆ ಇನ್ನೂ ಕೆಟ್ಟಿತು.

ಸರಿಹೋದದ್ದು ಹೀಗೆ: ಹಳೇ ಬೇರಿಂಗ್ ಒಡೆದು ಅದರ ಒಂದು ಗುಂಡನ್ನು ತೋಳಿನ ತುದಿಗೆ ಎಪಾಕ್ಸಿಯಲ್ಲಿ ಕೂರಿಸಿದೆ. ಅದು ಒರಗುವ ಕಡೆ ಲೇತ್‌ನ ಮುರಿದ ಟೂಲ್ ಬಿಟ್ಟಿನ ನುಣುಪಾದ ಚಪ್ಪಟೆ ಮುಖ. ಗುಂಡು ಉಜ್ಜುವುದಿಲ್ಲ, ಉರುಳುತ್ತದೆ. ಮೇಲಿನ ತಂತಿಗೆ ವೀಣೆಯ ಉಕ್ಕಿನ ತಂತಿ. ಬೈಂಡಿಂಗ್ ವೈರ್ ಹಾಕಬೇಡಿ, ಅದು ಹಿಗ್ಗುತ್ತಾ ಹೋಗಿ ತೋಳು ದಿನಕ್ಕಿಷ್ಟು ಜೋತುಬೀಳುತ್ತದೆ.

ಆಮೇಲೆ ತೂಗಾಟದ ಅವಧಿ ಹೊಂದಿಸುವುದು. ತೋಳಿನ ತುದಿಯ ಕಡೆಯ ಬೋಲ್ಟನ್ನು ಎತ್ತಿದಷ್ಟೂ ತೂಗಾಟ ನಿಧಾನವಾಗುತ್ತದೆ. ಕೀಲಿನ ರೇಖೆ, ಅಂದರೆ ಕೆಳಗಿನ ಗುಂಡಿನಿಂದ ತಂತಿಯ ಮೇಲ್ತುದಿಗೆ ಹೋಗುವ ಗೆರೆ, ನೆಟ್ಟಗಿನಿಂದ ಮುಕ್ಕಾಲು ಡಿಗ್ರಿಗೂ ಕಡಿಮೆ ಓರೆ ಇದ್ದಾಗ 15 ಸೆಕೆಂಡ್ ಬಂತು. 20 ಸೆಕೆಂಡ್‌ವರೆಗೂ ಎಳೆದೆ. ಅಲ್ಲಿ ಮಾತ್ರ ಬಿಸಿಲೇರಿದರೆ ಸಾಕು, ತೋಳು ಹೋಗಿ ಪಕ್ಕದ ತಡೆಗೆ ಬಡಿಯುತ್ತದೆ. 15ಕ್ಕೇ ನಿಲ್ಲಿಸಿ. ರಸಮಟ್ಟ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಇಷ್ಟು ಸಣ್ಣ ಓರೆಯನ್ನು ಅದು ಕರಾರುವಾಕ್ಕಾಗಿ ತೋರಿಸದು. ಕಾಲು ಸುತ್ತು ತಿರುಗಿಸಿ, ಗಡಿಯಾರ ಹಿಡಿದು ಎಣಿಸಬೇಕು.

ಹಂತ 4: ಸುರುಳಿ

ತಂತಿ ಸುರುಳಿಯ ಪಕ್ಕ ಅಯಸ್ಕಾಂತ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದರ ಏರಿಳಿತವೇ ದಾಖಲೆಯ ಗೆರೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 38 ಗೇಜಿನ ಎನಾಮಲ್ ತಾಮ್ರದ ತಂತಿ ತಂದೆ. ಕೂದಲೆಳೆಯಷ್ಟು ಸಣ್ಣದು. 5,000 ಸುತ್ತು ಬೇಕು. ಕೈಯಲ್ಲಿ ಎಣಿಸಲು ಆಗದು. ಡ್ರಿಲ್ ಮೆಷಿನ್ನಿನ ಚಕ್‌ಗೆ ಸಣ್ಣ ಅಯಸ್ಕಾಂತ ಅಂಟಿಸಿ, ಎದುರಿಗೆ ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಒಂದು ರೀಡ್ ಸ್ವಿಚ್ ಇಟ್ಟು, ಅದರ ಎರಡು ತಂತಿಯನ್ನು ಹಳೇ ಕ್ಯಾಲ್ಕುಲೇಟರಿನ ಸಮ ಚಿಹ್ನೆಯ ಗುಂಡಿಗೆ ಬೆಸುಗೆ ಹಾಕಿದೆ. ಒಂದು ಕೂಡು ಒಂದು ಅಂತ ಒತ್ತಿ ಬಿಟ್ಟರೆ ಪ್ರತಿ ಸುತ್ತಿಗೂ ತಾನೇ ಒಂದೊಂದು ಕೂಡಿಸುತ್ತಾ ಹೋಗುತ್ತದೆ. ಡ್ರಿಲ್ ವೇಗ ಹೆಚ್ಚಿದರೆ ಕ್ಯಾಲ್ಕುಲೇಟರ್ ಎಣಿಕೆ ಬಿಡುತ್ತದೆ, ನಿಧಾನವಾಗಿ ಓಡಿಸಿ.

ಮೊದಲ ಸುರುಳಿ ಮಧ್ಯದಲ್ಲೇ ತುಂಡಾಯಿತು. ಬೆರಳಿನಿಂದ ಬಿಗಿ ಹಿಡಿದಿದ್ದೇ ಕಾರಣ. ಎರಡನೆಯದಕ್ಕೆ ಮಗಳು ಹತ್ತಿಬಟ್ಟೆಯ ಮಡಿಕೆಯಲ್ಲಿ ತಂತಿ ಜಾರುವಂತೆ ಹಿಡಿದುಕೊಂಡಳು. ಮುಗಿದಾಗ ಮೀಟರ್ 510 ಓಮ್ ತೋರಿಸಿತು. ಸುರುಳಿಯನ್ನು ಚೌಕಟ್ಟಿಗೆ ಬಿಗಿದು, ಅಯಸ್ಕಾಂತವನ್ನು ತೋಳಿಗೆ ಹಾಕಿದೆ. ಉಲ್ಟಾ ಮಾಡಿದರೆ ಸುರುಳಿಯ ತಂತಿಯೇ ತೋಳನ್ನು ಎಳೆದಾಡುತ್ತದೆ.

ಹಂತ 5: ತಡೆ

ಇದನ್ನು ಬಿಟ್ಟು ಮುಂದಕ್ಕೆ ಹೋಗಿದ್ದು ದೊಡ್ಡ ತಪ್ಪು. ತೂಗಾಟವನ್ನು ಬೇಗ ನಿಲ್ಲಿಸುವ ತಡೆ ಇಲ್ಲದ ತೋಳು ಒಂದು ಸಲ ಅಲುಗಿದರೆ ಎಷ್ಟೋ ಹೊತ್ತು ತನ್ನ 15 ಸೆಕೆಂಡ್ ತಾಳದಲ್ಲೇ ತೂಗುತ್ತಿರುತ್ತದೆ. ಬಾಗಿಲು ಹಾಕಿದರೂ ಅದೇ ಗೆರೆ, ಲಾರಿ ಹೋದರೂ ಅದೇ ಗೆರೆ. ವಾರಗಟ್ಟಲೆ ಸುಂದರವಾದ ಅಲೆಗಳನ್ನು ಗುರುತು ಹಾಕಿಕೊಂಡೆ. ಒಂದೂ ಭೂಕಂಪದ್ದಲ್ಲ.

ಮೊದಲು ಎಂಜಿನ್ ಆಯಿಲ್ ತಟ್ಟೆಯಲ್ಲಿ ತಗಡು ಮುಳುಗಿಸಿ ನೋಡಿದೆ. ಬೆಳಗಿನ ಚಳಿಯಲ್ಲಿ ಎಣ್ಣೆ ಗಟ್ಟಿ, ಮಧ್ಯಾಹ್ನ ತೆಳು. ಬೆಳಗಿನ ದಾಖಲೆಗೂ ಮಧ್ಯಾಹ್ನದ ದಾಖಲೆಗೂ ತಾಳೆಯೇ ಇಲ್ಲ. ಎಣ್ಣೆ ತೆಗೆದು, 3 ಮಿ.ಮೀ. ಅಲ್ಯೂಮಿನಿಯಂ ತಟ್ಟೆಯೊಂದನ್ನು ತೋಳಿನ ತುದಿಗೆ ಹಾಕಿ, ಅದು ನಾಲ್ಕು ನಿಯೋಡೈಮಿಯಂ ಅಯಸ್ಕಾಂತಗಳ ನಡುವೆ ತಾಗದಂತೆ ಆಡುವ ಹಾಗೆ ಮಾಡಿದೆ. ತಟ್ಟೆ ಅಲುಗಿದರೆ ಅದರಲ್ಲಿ ಹುಟ್ಟುವ ವಿದ್ಯುತ್ತೇ ಅದನ್ನು ತಡೆಯುತ್ತದೆ. ಇದಕ್ಕೆ ಚಳಿಯ, ಬಿಸಿಲಿನ ಹಂಗು ಅಷ್ಟಾಗಿ ಇಲ್ಲ.

ಪರೀಕ್ಷೆ ಸುಲಭ. ತೋಳನ್ನು ಒಂದು ಸೆಂ.ಮೀ. ಸರಿಸಿ ಬಿಡಿ. ನಡುವಿಗೆ ಬಂದು, ತುಸು ದಾಟಿ, ಹಿಂತಿರುಗಿ ನಿಲ್ಲಬೇಕು. ಎರಡನೇ ಸಲ ದಾಟಿದರೆ ಅಯಸ್ಕಾಂತ ಹತ್ತಿರ ತನ್ನಿ. ದಾಟದೆ ತೆವಳುತ್ತಾ ಬಂದರೆ ದೂರ ಸರಿಸಿ. ಸೂಕ್ಷ್ಮತೆ ಹೆಚ್ಚಿಸಲು ಕೈಯಿಡುವ ಮೊದಲು ಇದನ್ನು ಮುಗಿಸಿ. ಕಟ್ಟುವವರಿಗೆ ನಾನು ಹೇಳುವ ಒಂದೇ ಮಾತು ಅಂದರೆ ಇದೇ.

ಹಂತ 6: ಎಲೆಕ್ಟ್ರಾನಿಕ್ಸ್, ಗಡಿಯಾರ

ಓಪಿ07 ಐಸಿಯಲ್ಲಿ 500 ಪಟ್ಟು ವರ್ಧನೆ, ಅಳತೆಯನ್ನು ಅಂಕಿಯಾಗಿಸುವ ಎಡಿಎಸ್1115 ಬೋರ್ಡು, ಆ ಅಂಕಿಗಳನ್ನು ಪಡೆಯುವ ಪುಟ್ಟ ಕಂಪ್ಯೂಟರ್ ಚಿಪ್ಪು ಇಎಸ್‌ಪಿ32. ಸೆಕೆಂಡಿಗೆ 20 ಅಳತೆ. ಐಸಿಯಿಂದ ಬರುವ ವೋಲ್ಟೇಜು 3.3 ದಾಟದಂತೆ ಡಯೋಡ್ ಹಾಕಿ. ಹಾಕದೆ ಒಂದು ಎಡಿಎಸ್ ಬೋರ್ಡು ಸುಟ್ಟೆ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಶೀಲ್ಡ್ ಕೇಬಲ್ ಹಾಕಿದ ಮೇಲೆ ಹೋಯಿತು.

ಸಮಯ ಮಾತ್ರ ಸರಿಯಾಗಿರಲೇಬೇಕು. ಮೊದಲು ಹಳೇ ಲ್ಯಾಪ್‌ಟಾಪಿನ ಗಡಿಯಾರ ನಂಬಿದ್ದೆ. ಅದು ನಿಮಿಷಗಟ್ಟಲೆ ಹಿಂದಿತ್ತು. ಹಾಗಾಗಿ ಒಳ್ಳೆಯ ಒಂದು ದಾಖಲೆ ಯಾವ ಭೂಕಂಪದ್ದು ಅಂತ ತಾಳೆ ಹಾಕಲು ಆಗಲೇ ಇಲ್ಲ. ಈಗ ಇಎಸ್‌ಪಿ32 ಇಂಟರ್ನೆಟ್ಟಿನಿಂದ ಗಂಟೆಗೊಮ್ಮೆ ಸಮಯ ಸರಿಮಾಡಿಕೊಳ್ಳುತ್ತದೆ.

ಹಂತ 7: ಪೆಟ್ಟಿಗೆ

ಪ್ಲೈವುಡ್ ಪೆಟ್ಟಿಗೆ, ಒಳಗೆಲ್ಲ 50 ಮಿ.ಮೀ. ಥರ್ಮಾಕೋಲ್. ಸಂದುಗಳಿಗೆ ಟೇಪು. ಗಾಳಿಯ ಸಣ್ಣ ಸುಳಿ ಕೂಡ ತೋಳನ್ನು ದೂಡುತ್ತದೆ. ಇದರಾಚೆಗೆ ಕಾಟ ಕೊಟ್ಟದ್ದು ಇರುವೆ ಮತ್ತು ಜೇಡ. ಒಂದು ಸಲ ಮಾಪಕ ತೀರಾ ಮಂಕಾಯಿತು. ಬೆಸುಗೆಯನ್ನೆಲ್ಲ ಬಿಚ್ಚಿ ನೋಡಿದೆ, ಏನೂ ಕಾಣಲಿಲ್ಲ. ಟಾರ್ಚ್ ಓರೆಯಾಗಿ ಹಿಡಿದಾಗ ತೋಳಿನಿಂದ ಕಂಬಕ್ಕೆ ಜೇಡರ ಒಂದೇ ಒಂದು ಎಳೆ ಮಿಂಚಿತು. ಅದನ್ನು ತೆಗೆದ ಕೂಡಲೇ ಸರಿಹೋಯಿತು. ಈಗ ತಂತಿ ಬರುವ ತೂತಿಗೂ ಮೇಣ ಮೆತ್ತಿದ್ದೇನೆ.

28 ಮಾರ್ಚ್ 2025: ಮ್ಯಾನ್ಮಾರ್

ನಾನು ಸ್ಕೂಲಿನಲ್ಲಿದ್ದೆ. ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಎತ್ತರದ ಕಟ್ಟಡ ಕುಸಿದ ವಿಡಿಯೋ ಸ್ಟಾಫ್ ರೂಮಿನ ಫೋನುಗಳಲ್ಲಿ ಓಡಾಡುತ್ತಿತ್ತು. ಸಂಜೆ ಬಂದು ಫೈಲು ತೆರೆದೆ. ಭೂಕಂಪ ಆದದ್ದು ನಮ್ಮ ಸಮಯ ಬೆಳಗ್ಗೆ 11 ಗಂಟೆ 50 ನಿಮಿಷ 52 ಸೆಕೆಂಡಿಗೆ, ತೀವ್ರತೆ 7.7. ನನ್ನ ಗೆರೆ 11:55 ದಾಟಿ ಅರ್ಧ ನಿಮಿಷದ ಒಳಗೆ ಸಣ್ಣಗೆ ನಡುಗಿತ್ತು. ಅದು ಪಿ ಅಲೆ, ಹಿಂದೆ ಮುಂದೆ ಒತ್ತುತ್ತಾ ಬರುವಂಥದ್ದು. ಮೂರೂವರೆ ನಿಮಿಷ ಕಳೆದು ತುಸು ಹೊತ್ತಿಗೆ ಇನ್ನೊಂದು ಎದ್ದಿತ್ತು, ಮೊದಲಿನದಕ್ಕಿಂತ ಎಷ್ಟೋ ದೊಡ್ಡದು. ಅದು ಎಸ್ ಅಲೆ, ಅಡ್ಡಕ್ಕೆ ಅಲುಗಿಸುವಂಥದ್ದು. ಹನ್ನೆರಡು ದಾಟಿದ ಮೇಲೆ ಮೇಲ್ಮೈ ಅಲೆಗಳು.

ಆ ಹೊತ್ತಿಗೆ ಅಲ್ಲಿ ಜನ ಸಾಯುತ್ತಿದ್ದರು. ಸತ್ತವರು ಮೂರು ಸಾವಿರಕ್ಕೂ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಗೆರೆ ಸಿಕ್ಕಿತು ಅಂತ ಮನೆಯಲ್ಲಿ ಯಾರಿಗೂ ಕೂಗಿ ಹೇಳಲಿಲ್ಲ.

ಜಾರಿದ್ದು ಸಗೈಂಗ್ ಬಿರುಕು. ಬರ್ಮಾದ ನಡುವೆ ಉತ್ತರ ದಕ್ಷಿಣವಾಗಿ ಸೀಳಿರುವ ಈ ಬಿರುಕಿನ ಎರಡು ಬದಿ ವರ್ಷಕ್ಕೆ 2 ಸೆಂ.ಮೀ. ಆಸುಪಾಸು ಒಂದರ ಪಕ್ಕ ಒಂದು ಸರಿಯಬೇಕು. ಸರಿಯಲಾಗದೆ ತಡೆದು ನಿಂತದ್ದು ಅಂದು 400 ಕಿ.ಮೀ.ಗೂ ಉದ್ದಕ್ಕೆ ಒಮ್ಮೆಲೇ ಕಿತ್ತುಕೊಂಡಿತು.

ದಾಖಲೆಯಲ್ಲಿ ಒಂದು ದೋಷ. ಮೇಲ್ಮೈ ಅಲೆಗಳ ನೆತ್ತಿಯೆಲ್ಲ ಕತ್ತರಿಸಿದ ಹಾಗೆ ಚಪ್ಪಟೆ. 500 ಪಟ್ಟು ವರ್ಧನೆ ಇಂಥ ಭೂಕಂಪಕ್ಕೆ ವಿಪರೀತ. 12 ನಿಮಿಷದೊಳಗೆ ಬಂದ 6.7ರ ಮರುಕಂಪ ಕೂಡ ಇದರೊಳಗೇ ಹೂತುಹೋಯಿತು. ಎಡಿಎಸ್1115ಕ್ಕೆ ನಾಲ್ಕು ಚಾನೆಲ್ ಇವೆ, ಇನ್ನೊಂದಕ್ಕೆ 10 ಪಟ್ಟಿನ ಸಿಗ್ನಲ್ ಕೊಟ್ಟರೆ ಆಯ್ತಲ್ಲ ಅಪ್ಪ ಅಂದಳು ಮಗಳು. ಅದನ್ನೇ ಮಾಡಿದೆ.

ಮಾರನೇ ದಿನ ಕ್ಲಾಸಿನಲ್ಲಿ ದೂರ ಲೆಕ್ಕ ಹಾಕಿದೆವು. ಹತ್ತಿರದ ಭೂಕಂಪಕ್ಕೆ ಒಂದು ಸುಲಭ ಸೂತ್ರವಿದೆ: ಪಿ ಮತ್ತು ಎಸ್ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಕಿ.ಮೀ. ದೂರ. ನಮ್ಮ 218 ಸೆಕೆಂಡಿಗೆ 1,744 ಬಂತು. ನಕ್ಷೆಯಲ್ಲಿ ಅಳೆದರೆ ಸುಮಾರು 2,200. ಮಕ್ಕಳು ಮಾಪಕ ತಪ್ಪು ಅಂದರು. ನಾನೂ ಗಡಿಯಾರವನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಗಡಿಯಾರ ಸರಿಯಿತ್ತು.

ಜೂನ್, ಜುಲೈ: ಸಮುದ್ರದ ಸದ್ದು

ಮುಂಗಾರು ಹಿಡಿದ ಮೇಲೆ ಗೆರೆ ದಪ್ಪವಾಯಿತು. ಬೋರ್‌ವೆಲ್ ಮೋಟಾರು ನಿಲ್ಲಿಸಿದೆ, ರಾತ್ರಿ ಎರಡಕ್ಕೆ ನೋಡಿದೆ, ಆದರೂ ದಪ್ಪ. ಹತ್ತಿರದಿಂದ ನೋಡಿದರೆ ಐದಾರು ಸೆಕೆಂಡಿಗೊಂದರಂತೆ ಸಣ್ಣ ಅಲೆ, ನಿಲ್ಲುವುದೇ ಇಲ್ಲ. ಇದು ಕಡಲಿನ ಅಲೆಗಳು ಸಮುದ್ರದ ತಳಕ್ಕೆ ಕೊಡುವ ಒತ್ತಡ. ಎಲ್ಲ ಮಾಪಕಕ್ಕೂ ಕಾಣುತ್ತದೆ. ಅರಬ್ಬಿ ಸಮುದ್ರ ಇಲ್ಲಿಂದ 270 ಕಿ.ಮೀ. ದೂರ. ಮಾಪಕ ಸರಿಯಾಗಿದೆಯೇ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಗುರುತಿಲ್ಲ. ಮಳೆಗಾಲದಲ್ಲೂ ನಿಮ್ಮ ಗೆರೆ ನೆಟ್ಟಗೆ ಸಪಾಟಾಗಿದ್ದರೆ ಎಲ್ಲೋ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ.

30 ಜುಲೈ 2025: ಕಮ್ಚಟ್ಕಾ

ರಷ್ಯಾದ ಪೂರ್ವ ತುದಿ, ತೀವ್ರತೆ 8.8, ನಮ್ಮ ಸಮಯ ನಸುಕಿನ 4 ಗಂಟೆ 54 ನಿಮಿಷ 52 ಸೆಕೆಂಡ್. ಅಲ್ಲಿ ಪೆಸಿಫಿಕ್ ಫಲಕ ವರ್ಷಕ್ಕೆ ಸುಮಾರು 8 ಸೆಂ.ಮೀ.ನಂತೆ ಖಂಡದ ಅಡಿಗೆ ನುಗ್ಗುತ್ತಿದೆ. ಪಿ ಅಲೆ ನಮ್ಮ ಕೊಟ್ಟಿಗೆಗೆ 5:06 ದಾಟಿ ಬಂತು, ಕಡಲಿನ ಗದ್ದಲದ ಮೇಲೆ ಕಷ್ಟಪಟ್ಟು ಗುರುತಿಸುವಷ್ಟು. ಎಸ್ ಅಲೆ 5:16ಕ್ಕೆ, ಇದರಲ್ಲಿ ಅನುಮಾನವೇ ಇಲ್ಲ. 10 ಪಟ್ಟಿನ ಚಾನೆಲ್ಲಿನಲ್ಲಿ ಮೇಲ್ಮೈ ಅಲೆಗಳ ನೆತ್ತಿ ಈ ಸಲ ಪೂರ್ತಿ ಬಂದವು.

ಎರಡರ ನಡುವೆ 580 ಸೆಕೆಂಡ್. ಎಂಟರಿಂದ ಗುಣಿಸಿದರೆ 4,640 ಕಿ.ಮೀ. ನಿಜವಾದ ದೂರ ಸುಮಾರು 8,350. ಮಾರ್ಚ್‌ನಲ್ಲಿ ಐದನೇ ಒಂದು ಪಾಲು ತಪ್ಪಿದ್ದ ಸೂತ್ರ ಈಗ ಹತ್ತಿರ ಹತ್ತಿರ ಅರ್ಧಕ್ಕರ್ಧ ತಪ್ಪಿತು. ಹಾಗಾದರೆ ತಪ್ಪುತ್ತಿರುವುದು ಮಾಪಕ ಅಲ್ಲ. ಎಂಟರ ಸೂತ್ರ ಭೂಕವಚದ ಬಂಡೆಯ ವೇಗಕ್ಕೆ ಹೊಂದಿಸಿದ್ದು. ನಮ್ಮ ಕಾಲ ಕೆಳಗೆ ಆ ಕವಚ 35 ಕಿ.ಮೀ. ಆಸುಪಾಸು ಮಾತ್ರ. ದೂರದ ಅಲೆ ಅದರಲ್ಲಿ ಬರುವುದೇ ಇಲ್ಲ, ಕೆಳಗಿಳಿದು ಬಾಗಿ ಮೇಲೇಳುತ್ತದೆ. ಮ್ಯಾನ್ಮಾರಿನ ಪಿ ಅಲೆ ಸೆಕೆಂಡಿಗೆ ಸರಾಸರಿ 8 ಕಿ.ಮೀ. ಓಡಿತ್ತು. ಕಮ್ಚಟ್ಕಾದ್ದು ಮ್ಯಾಂಟಲ್ಲಿನಲ್ಲಿ 2,000 ಕಿ.ಮೀ. ಆಸುಪಾಸು ಆಳಕ್ಕೆ ಹೋಗಿ ಬಂದದ್ದು, ಸರಾಸರಿ 11ಕ್ಕೂ ಜಾಸ್ತಿ. ಆಳಕ್ಕೆ ಹೋದಷ್ಟೂ ಬಂಡೆ ಬಿಗಿಯಾಗುತ್ತದೆ, ಅಲೆ ಜೋರಾಗಿ ಓಡುತ್ತದೆ. ಪುಸ್ತಕದಲ್ಲಿ ಓದಿದ್ದ ಈ ಮಾತು ನಮ್ಮದೇ ಎರಡು ಗೆರೆಯಲ್ಲಿ ಅಂಕಿಯಾಗಿ ಕೂತಿತ್ತು. ಹಿಂದಿನ ಬೆಂಚಿನ ಹುಡುಗನೇ ಬೋರ್ಡಿಗೆ ಬಂದು ಭಾಗಾಕಾರ ಮಾಡಿದ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ಗೆರೆಗಳಲ್ಲಿ ಇದೇ ಮೂರು ಅಲೆಗಳನ್ನು ಬೇರೆ ಬೇರೆ ಮಾಡಿ ತೋರಿಸಿದರು. 1906ರಲ್ಲಿ ಅಂಥ ಗೆರೆಗಳಿಂದಲೇ ಭೂಮಿಗೆ ಒಂದು ಕೋರ್ ಇದೆ ಅಂದರು. ಅವರ ಕೈಯಲ್ಲಿದ್ದದ್ದೂ ಅಲೆ ಬಂದು ತಲುಪಿದ ಹೊತ್ತುಗಳೇ.

ಖರ್ಚು

ಕಬ್ಬಿಣ, ವೆಲ್ಡಿಂಗ್ 1,350. ಅಲ್ಯೂಮಿನಿಯಂ 420. ಗುಜರಿಯಿಂದ ಸೀಸ 380. ಅಯಸ್ಕಾಂತ 720. ತಾಮ್ರದ ತಂತಿ 260. ಇಎಸ್‌ಪಿ32 480. ಎಡಿಎಸ್1115 320. ಐಸಿ, ಕೇಬಲ್, ಚಿಲ್ಲರೆ 340. ಪ್ಲೈವುಡ್, ಥರ್ಮಾಕೋಲ್ 850. ಗಾರೆ 200. ದಂಡವಾದ ಕಟ್ಟೆ, ತುಂಡಾದ ಸುರುಳಿ, ಸುಟ್ಟ ಬೋರ್ಡು ಸೇರಿ ಇನ್ನೂ 1,500ರ ಹತ್ತಿರ. ಲ್ಯಾಪ್‌ಟಾಪ್ ಮನೆಯಲ್ಲಿತ್ತು.

ಈಗ ನಿಂತಿರುವ ಕೆಲಸ

ಕೋರ್ ಇನ್ನೂ ಸಿಕ್ಕಿಲ್ಲ. 2,890 ಕಿ.ಮೀ. ಕೆಳಗೆ ಕರಗಿದ ಕಬ್ಬಿಣ ಶುರುವಾಗುತ್ತದೆ. ಎಸ್ ಅಲೆ ಅದನ್ನು ದಾಟುವುದಿಲ್ಲ, ಪಿ ಅಲೆ ಬಾಗುತ್ತದೆ. ಅದರಿಂದಾಗಿ ಭೂಕಂಪದಿಂದ 104ರಿಂದ 140 ಡಿಗ್ರಿ (ಭೂಮಿಯ ಕೇಂದ್ರದಲ್ಲಿ ಅಳೆದ ಕೋನ) ದೂರದ ಊರುಗಳಿಗೆ ನೇರ ಪಿ ಅಲೆ ಸಿಗುವುದೇ ಇಲ್ಲ. ಕ್ಯಾಲಿಫೋರ್ನಿಯಾ ನಮಗೆ ಆ ನೆರಳಿನಲ್ಲಿದೆ. ದಕ್ಷಿಣ ಮೆಕ್ಸಿಕೊ, ಪೆರು, ಚಿಲಿ ನೆರಳಿನ ಆಚೆ, ಸುಮಾರು 145 ಡಿಗ್ರಿ ಮತ್ತು ಅದಕ್ಕೂ ದೂರ. ಅಲ್ಲಿ ದೊಡ್ಡದಾಗಿ ನಡುಗಿದರೆ ಕೋರ್ ತೂರಿಕೊಂಡು ಬಂದ ಅಲೆ ಸುಮಾರು 20 ನಿಮಿಷಕ್ಕೆ ಇಲ್ಲಿ ಎದ್ದೇಳಬೇಕು.

ತೊಂದರೆ ಏನೆಂದರೆ ಅದು ಹೆಚ್ಚುಕಮ್ಮಿ ನೇರ ಕೆಳಗಿನಿಂದ ಬರುತ್ತದೆ, ನೆಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ನನ್ನ ತೋಳು ಅಡ್ಡಕ್ಕೆ ಮಾತ್ರ ನೋಡುತ್ತದೆ. ಅದಕ್ಕೆ ಸ್ಪ್ರಿಂಗಿನಿಂದ ತೂಗುಹಾಕುವ ಇನ್ನೊಂದು ಮಾಪಕ ಶುರುಮಾಡಿದ್ದೇನೆ. ಮಕ್ಕಳ ಆಟಿಕೆಯ ಉದ್ದ ಸ್ಪ್ರಿಂಗ್ ಹಾಕಿದ್ದೆ, ಅದು ಪ್ಲಾಸ್ಟಿಕ್ಕಿನದು, ಜೋತುಬಿದ್ದು ಹಾಳಾಯಿತು. ಉಕ್ಕಿನದಕ್ಕೆ ಹೇಳಿದ್ದೇನೆ. ಬಿಸಿಲಿಗೆ ಸ್ಪ್ರಿಂಗ್ ಸಡಿಲವಾಗಿ ತೂಕ ಇಳಿಯುವುದನ್ನು ಹೇಗೆ ತಡೆಯುವುದು ಅನ್ನುವುದು ಬಗೆಹರಿದಿಲ್ಲ. ಯಾರಾದರೂ ಮಾಡಿದ್ದರೆ ಯಾವ ಗೇಜಿನ ಸ್ಪ್ರಿಂಗ್, ಎಷ್ಟು ತೂಕ, ಪೆಟ್ಟಿಗೆಗೆ ಏನು ಹೊದಿಸಿದಿರಿ ಅಂತ ತಿಳಿಸಿ.